ವಚನ ಓದಿ ಆಮೆನ್ ಅಂದ ಮೇಲೆ ಎಂತ ಮಾಡೋದು? ಕೂಲಿ, ಜಾಮೀನು, ಬಾಯಿ, ಬೇಲಿ ವಿಷಯದಲ್ಲಿ ಬೈಬಲಿನ ಜ್ಞಾನ ನಡೆಸೋ ದಾರಿ

ಬೆಳಗ್ಗೆ ಎದ್ದು ಫೋನ್ ತೆಗೆದ್ರೆ ಸಾಕು, ನಮ್ಮ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆ ಕ್ರೈಸ್ತರ ಗ್ರೂಪುಗಳಲ್ಲಿ ವಚನದ ಫೋಟೋ ಸಾಲಾಗಿ ಬಂದಿರುತ್ತೆ, ನಾವೂ ಕೆಳಗೆ ಆಮೆನ್ ಹಾಕ್ತೀವಿ, ಹಾಕಿ ಕೊಟ್ಟಿಗೆಗೋ ತೋಟಕ್ಕೋ ಆಫೀಸಿಗೋ ಹೊರಡ್ತೀವಿ. ಕಳಿಸಿದವರ ಪ್ರೀತಿ ದೊಡ್ಡದು, ಅದರ ಬಗ್ಗೆ ನಂಗೆ ತಕರಾರಿಲ್ಲ. ಆದ್ರೆ ಸಂಜೆ ಕೂಲಿಯವರ ಲೆಕ್ಕ ಮಾಡೋ ಹೊತ್ತಿಗೆ, ಭಾವ ಬಂದು ಜಾಮೀನಿಗೆ ಸೈನ್ ಕೇಳೋ ಹೊತ್ತಿಗೆ, ಪಕ್ಕದ ಮನೆಯವರ ದನ ನಮ್ಮ ಗದ್ದೆಗೆ ನುಗ್ಗಿದ ಹೊತ್ತಿಗೆ ಆ ವಚನ ಎಲ್ಲಿರುತ್ತೆ? ಬೈಬಲಿನ ಜ್ಞಾನದ ಪುಸ್ತಕಗಳನ್ನ ತೆಗೆದು ನೋಡಿ, ಅಲ್ಲಿ ಮಾತಾಡಿರೋದೇ ಇಂಥ ಹೊತ್ತಿನ ಬಗ್ಗೆ. ತೂಕದ ಕಲ್ಲು, ಸಾಲ, ಗಡಿ, ಜಗಳ, ನಿದ್ದೆ, ನಾಲಿಗೆ, ಮಕ್ಕಳು. ಅದಕ್ಕೇ ಈ ಲೇಖನದಲ್ಲಿ ಒಂದೇ ವಿಷಯ ಹೇಳೋದು: ಓದಿದ ವಚನದ ಪಕ್ಕ ಒಬ್ಬ ಮನುಷ್ಯರ ಹೆಸರು, ಒಂದು ಕೆಲಸ ಬರೀಬೇಕು, ಬರೆದದ್ದನ್ನ ಅವತ್ತೇ ಮಾಡಬೇಕು.

ಶುರು ಮಾಡೋದು ತಾರೀಖಿನಿಂದ

ಬೈಬಲಿನ ಜ್ಞಾನೋಕ್ತಿಗಳು ಅನ್ನೋ ಪುಸ್ತಕದಲ್ಲಿ 31 ಅಧ್ಯಾಯ ಇದೆ, ಹಾಗಾಗಿ ಇವತ್ತು ತಾರೀಖು ಎಷ್ಟೋ ಆ ಅಧ್ಯಾಯ ಓದಿ, ಇದು ಹಳೇ ಪದ್ಧತಿ, ತುಂಬಾ ಜನ ಮಾಡ್ತಾರೆ, ಲೆಕ್ಕ ಇಡೋ ತಲೆನೋವೂ ಇಲ್ಲ. ಮೊದಲ 9 ಅಧ್ಯಾಯ ಅಪ್ಪ ಮಗನನ್ನ ಪಕ್ಕ ಕೂರಿಸ್ಕೊಂಡು ಬುದ್ಧಿ ಹೇಳಿದ ಹಾಗೆ ಉದ್ದುದ್ದ ಮಾತು, ಅದನ್ನ ಒಟ್ಟಿಗೇ ಓದಬೇಕು. 10ನೇ ಅಧ್ಯಾಯದಿಂದ ಮುಂದೆ ಹೆಚ್ಚು ಕಡಿಮೆ ಒಂದೊಂದು ವಚನವೂ ತನ್ನಷ್ಟಕ್ಕೆ ನಿಲ್ಲುತ್ತೆ, ಅಲ್ಲಿ ಓಡಬೇಡಿ. ಇದು ಬರೀ ಅರಸ ಸೊಲೊಮೋನ ಒಬ್ಬನ ಮಾತೂ ಅಲ್ಲ, 25ನೇ ಅಧ್ಯಾಯದ ಶುರುವಲ್ಲಿ ಅರಸ ಹಿಜ್ಕೀಯನ ಕಡೆಯವರು ಬರೆದು ಇಟ್ಟದ್ದು ಅಂತ ಇದೆ, 30ನೇದು ಆಗೂರ ಅನ್ನೋ ಒಬ್ಬನದ್ದು, 31ನೇದು ಲೆಮೂವೇಲ ಅನ್ನೋ ಅರಸನಿಗೆ ಅವನ ತಾಯಿ ಕಲಿಸಿದ್ದು. ತಾಯಿ ಹೇಳಿದ ಬುದ್ಧಿಮಾತು ಪವಿತ್ರ ಗ್ರಂಥದ ಒಳಗೆ ಬಂದು ಕೂತಿದೆ ಅನ್ನೋದು ನಂಗೆ ಭಾಳ ಇಷ್ಟ.

ಕೆಥೋಲಿಕರ ಬೈಬಲಿನಲ್ಲಿ ಸಿರಾಖ, ಸೊಲೊಮೋನನ ಜ್ಞಾನಗ್ರಂಥ ಎರಡೂ ಸೇರಿವೆ, ಅವನ್ನೂ ಬಿಡಬೇಡಿ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರ, ಬರೀ 5 ಅಧ್ಯಾಯ, ಒಂದು ಕೂತಲ್ಲಿ ಮುಗಿಯುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದ್ರೆ ಯಾವಾಗ ಬರುತ್ತೋ ಗೊತ್ತಿಲ್ಲ, ಫೋನಲ್ಲಿ ಚಾರ್ಜೂ ಇರಲ್ಲ, ಹಾಗಾಗಿ ಅಚ್ಚಾದ ಪುಸ್ತಕನೇ ಒಳ್ಳೇದು, ಥಂಡಿಗೆ ಬೂಷ್ಟು ಹಿಡಿಯದ ಜಾಗದಲ್ಲಿ ಇಡಿ.

ಓದುವಾಗ ಯಾವ ವಚನ ಆರಿಸೋದು? ಖುಷಿ ಕೊಟ್ಟದ್ದನ್ನ ಬಿಡಿ, "ಇದು ನಮ್ಮ ಅತ್ತಿಗೆಗೆ ಸರಿಯಾಗಿ ಅನ್ವಯಿಸುತ್ತೆ" ಅನ್ನಿಸಿದ್ದನ್ನಂತೂ ಬಿಟ್ಟೇಬಿಡಿ. ಓದ್ತಾ ಇದ್ದ ಹಾಗೆ ಯಾವುದೋ ಒಂದು ಸಾಲು ಚುಚ್ಚುತ್ತೆ, ಬೇಗ ಮುಂದಕ್ಕೆ ಹೋಗೋಣ ಅನ್ನಿಸುತ್ತೆ, ಅದೇ ನಿಮ್ಮ ವಚನ. ಅಡುಗೆಮನೆ ಗೋಡೇಲಿ ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಬರೆಯೋ ಕ್ಯಾಲೆಂಡರ್ ಇರುತ್ತಲ್ಲ, ಅದರಲ್ಲಿ ಅವತ್ತಿನ ಚೌಕದೊಳಗೆ ಬರೀರಿ. "15:1, ತಮ್ಮನಿಗೆ ಫೋನ್." ಇಷ್ಟೇ. ಬೇರೆಯವರು ನೋಡಿದ್ರೆ ಅರ್ಥ ಆಗಲ್ಲ, ನಿಮಗೆ ಆಗುತ್ತೆ: ಮೃದುವಾದ ಉತ್ತರ ಸಿಟ್ಟನ್ನ ಆರಿಸುತ್ತೆ ಅನ್ನೋ ಮಾತು ಇವತ್ತು ತಮ್ಮನ ಜೊತೆ ಫೋನಲ್ಲಿ ನಡೀಬೇಕು. ಹೆಸರೂ ಕೆಲಸನೂ ಇಲ್ದೇ ಇದ್ರೆ ವಚನ ಗಾಳಿಯಲ್ಲೇ ಉಳಿಯುತ್ತೆ.

ಬರೆದ ಮೇಲೆ ಒಂದು ನಿಮಿಷ ಬೇಡಿಕೊಳ್ಳಿ. ಜ್ಞಾನ ಕಡಿಮೆ ಇದ್ದವರು ದೇವರನ್ನ ಕೇಳಲಿ, ಆತ ಬೈಯದೆ ಧಾರಾಳವಾಗಿ ಕೊಡ್ತಾನೆ ಅಂತ ಯಾಕೋಬ 1:5 ಹೇಳುತ್ತೆ. ಸೊಲೊಮೋನನೂ ಕೇಳಿಯೇ ಪಡೆದದ್ದು, 1 ಅರಸುಗಳು 3ನೇ ಅಧ್ಯಾಯ ನೋಡಿ. ಅವನು ಕೇಳಿ ಪಡೆದ ಜ್ಞಾನ ಮೊದಲು ಎಲ್ಲಿ ಕೆಲಸಕ್ಕೆ ಬಂತು ಅಂದ್ರೆ ಒಂದೇ ಮನೇಲಿ ಇದ್ದ ಇಬ್ಬರು ಹೆಂಗಸರ ಮಗುವಿನ ಜಗಳದಲ್ಲಿ. ಮನೆ ಜಗಳದಲ್ಲಿ ದೇವರನ್ನ ಕರೆಯೋಕೆ ಯಾರೂ ನಾಚ್ಕೋಬಾರದು.

ಕೂಲಿ

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮಲೆನಾಡಲ್ಲಿ ತೋಟ ಇದ್ದವರಿಗೂ ಕೂಲಿಗೆ ಹೋಗೋರಿಗೂ ದಿನಾ ಎದುರಾಗೋ ವಿಷಯ ಇದೇ, ನಮ್ಮ ಚರ್ಚುಗಳಲ್ಲಿ ಇಬ್ಬರೂ ಒಂದೇ ಬೆಂಚಲ್ಲಿ ಕೂತಿರ್ತಾರೆ.

ಯಾಜಕಕಾಂಡ 19:13 ಹೇಳೋದು ನೇರ: ಕೂಲಿಯವನ ಸಂಬಳ ಬೆಳಗಿನವರೆಗೆ ನಿಮ್ಮ ಹತ್ರ ಇರಬಾರದು. ಧರ್ಮೋಪದೇಶಕಾಂಡ 24:14-15 ಇನ್ನೂ ಬಿಗಿ, ಹೊತ್ತು ಮುಳುಗೋದ್ರೊಳಗೆ ಕೊಡು, ಅವನು ಬಡವ, ಅದರ ಮೇಲೇ ಮನಸ್ಸಿಟ್ಟುಕೊಂಡಿದ್ದಾನೆ, ಅವನು ದೇವರಿಗೆ ಮೊರೆಯಿಟ್ಟರೆ ತಪ್ಪು ನಿನ್ನ ಮೇಲೆ ಬರುತ್ತೆ ಅಂತ. ಅವನು ಪರದೇಶಿಯಾದ್ರೂ ಇದೇ ನ್ಯಾಯ ಅಂತಾನೂ ಅಲ್ಲೇ ಇದೆ, ಬಯಲುಸೀಮೆಯಿಂದ ಸೀಸನ್ನಿಗೆ ಬರೋರು, ಅಸ್ಸಾಮಿಂದ ಬಂದು ಎಸ್ಟೇಟ್ ಲೈನುಗಳಲ್ಲಿ ಇರೋರು ಎಲ್ಲ ಇದರೊಳಗೆ ಬಂದ್ರು. ಜ್ಞಾನೋಕ್ತಿ 3:28, ಕೈಯಲ್ಲಿ ಇಟ್ಕೊಂಡು "ಹೋಗಿ ನಾಳೆ ಬಾ" ಅನ್ನಬೇಡ. ಯಾಕೋಬ 5:4, ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿ ಕೂಗ್ತಾ ಇದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ. ಹಳೆ ಒಡಂಬಡಿಕೆಯಿಂದ ಹೊಸದರವರೆಗೆ ಇಷ್ಟು ಸಲ ಹೇಳಿದ ಮೇಲೆ ನಾವು ಇದನ್ನ ಸಣ್ಣ ವಿಷಯ ಅನ್ನೋಕೆ ಆಗಲ್ಲ.

ನಡೆಸೋದು ಹೆಂಗೆ? ಅಡಿಕೆ ಗೊನೆ ಕೊಯ್ಲಿಗೆ, ಅಡಿಕೆ ಸುಲಿಯೋಕೆ ಜನಕ್ಕೆ ಹೇಳೋ ಮುಂಚೆನೇ ದುಡ್ಡು ತಂದಿಡಿ. ಊರೊಳಗಿನ ಎಟಿಎಂ ನಂಬ್ಕೊಂಡು ಕೂತರೆ ಶನಿವಾರ ಸಂಜೆ ಅದು ಖಾಲಿ ಇರುತ್ತೆ. ಬರೀ 500ರ ನೋಟು ಇದ್ರೆ "ಚಿಲ್ಲರೆ ಇಲ್ಲ, ನಾಳೆ ಸೇರಿಸಿ ಕೊಡ್ತೀನಿ" ಅನ್ನೋ ಮಾತು ತಾನಾಗೇ ಬಾಯಿಗೆ ಬರುತ್ತೆ, ಹಾಗಾಗಿ 100, 50ರ ನೋಟು ಸೇರಿಸಿಡಿ. ರೇಟು ಬೆಳಗ್ಗೆನೇ ಬಾಯಿಬಿಟ್ಟು ಹೇಳಿ, ಕೆಜಿ ಲೆಕ್ಕವೋ ಡಬ್ಬದ ಲೆಕ್ಕವೋ ಅದನ್ನೂ ಹೇಳಿ, ಡಬ್ಬ ಆದ್ರೆ ಮಟ್ಟಸವೋ ರಾಶಿಯೋ ಅನ್ನೋದನ್ನೂ ಹೇಳಿ, ಸುಲಿದವರ ಎದುರಲ್ಲೇ ಅಳೀರಿ. ತೂಕದಲ್ಲಿ ಮೋಸ ಯೆಹೋವನಿಗೆ ಅಸಹ್ಯ ಅಂತ ಜ್ಞಾನೋಕ್ತಿ 11:1, ಕೊಳ್ಳೋಕೊಂದು ಕೊಡೋಕೊಂದು ತೂಕ ಇಡಬೇಡ ಅಂತ 20:10 ಮತ್ತೆ 20:23. ರಾಶಿ ಇಡಿ ಅನ್ನೋ ಒಳ್ಳೇ ದರ್ಜೆ ಅಡಿಕೆ ಚೀಲದ ಅಡಿಯಲ್ಲಿ ಕಡಿಮೆ ದರ್ಜೆಯ ಗೊರಬಲು ಸೇರಿಸೋದು, ಕಾಳುಮೆಣಸಿನ ಜೊತೆ ಧೂಳು ಕಡ್ಡಿ ಹಂಗೇ ತೂಕಕ್ಕೆ ಬಿಡೋದು, ಇದೂ ಅದೇ ಲೆಕ್ಕಕ್ಕೆ ಬಂತು.

ಇನ್ನೊಂದು ವಿಷಯ ಈಗ ಜಾಸ್ತಿ ನೋಡ್ತಾ ಇದೀನಿ. ಕೂಲಿನ ಫೋನಲ್ಲಿ ಹಾಕ್ತೀವಿ, ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ದಿನವಿಡೀ ಕೂತು ಬೆರಳೆಲ್ಲ ಕಪ್ಪು ಮಾಡ್ಕೊಂಡು ಸುಲಿದದ್ದು ಆ ಅಕ್ಕ, ದುಡ್ಡು ಹೋಗೋದು ಗಂಡನ ನಂಬರಿಗೆ, ಅದು ಮನೆಗೆ ಮುಟ್ಟುತ್ತೋ ಪೇಟೆಯಲ್ಲೇ ಮುಗಿಯುತ್ತೋ ಯಾರಿಗೆ ಗೊತ್ತು. ಹಾಗಾಗಿ ಕೇಳಿ: "ಅಕ್ಕಾ, ಕೈಗೆ ಕೊಡ್ಲಾ, ನಿಮ್ಮದೇ ನಂಬರ್ ಇದೆಯಾ?" ದುಡಿದವರ ಕೈಗೇ ಕೊಡಿ, ಅವರ ಕೊನೇ ಬಸ್ಸಿಗೆ ಮುಂಚೆ ಕೊಡಿ. ಲೆಕ್ಕದಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕಡಿಮೆ ಬಂದ್ರೆ ಅವರ ಕಡೆಗೆ ಬಿಡಿ.

ಸ್ವಂತ ತೋಟ ಇಲ್ದೇ ಇರೋರಿಗೂ ಇದು ಇದೆ. ಮನೆಕೆಲಸದವರ ತಿಂಗಳ ಸಂಬಳ, ಟೈಲರ್ ಹತ್ರ ಉಳಿಸಿದ ಬಾಕಿ, ಆಟೋದವರಿಗೆ "ಆಮೇಲೆ ಕೊಡ್ತೀನಿ" ಅಂದದ್ದು, ಇವತ್ತೇ ತೀರಿಸಿ.

ಜಾಮೀನು, "ಒಂದ್ ಸೈನ್ ಅಷ್ಟೇ"

ನಮ್ಮ ಕಡೆ ಸಂಬಂಧಗಳು ಕೆಡೋದು ಹೆಚ್ಚಾಗಿ ಇಲ್ಲೇ. ಸೊಸೈಟಿ ಸಾಲ, ಗಾಡಿ ಸಾಲ, ಸಂಘದ ಸಾಲ, ಎಲ್ಲದಕ್ಕೂ ಯಾರೋ ಒಬ್ಬರು ಜಾಮೀನು ಬೇಕು, ಚರ್ಚಿನವರು ಚರ್ಚಿನವರನ್ನೇ ಕೇಳ್ತಾರೆ, ಇಲ್ಲ ಅಂದ್ರೆ "ಎಂತ ಕ್ರೈಸ್ತರು ನೀವು" ಅಂತ ಮಾತು ಬರುತ್ತೆ ಅಂತ ಹೆದರಿ ಸೈನ್ ಹಾಕ್ತಾರೆ.

ಜ್ಞಾನೋಕ್ತಿ 6:1-5 ಓದಿ. ನೆರೆಯವನಿಗೆ ಹೊಣೆ ನಿಂತು ಮಾತಿಗೆ ಸಿಕ್ಕಿಬಿದ್ದಿದ್ರೆ ಹೋಗಿ ತಗ್ಗಿ ಬೇಡಿಕೋ, ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸ್ಕೊಂಡ ಹಾಗೆ ತಪ್ಪಿಸ್ಕೋ. 22:26-27 ಇನ್ನೂ ಖಡಕ್, ತೀರಿಸೋಕೆ ಇಲ್ಲದಿದ್ರೆ ನಿನ್ನ ಹಾಸಿಗೆಯನ್ನೇ ಎಳ್ಕೊಂಡು ಹೋಗ್ತಾರಲ್ಲ ಅಂತ ಕೇಳುತ್ತೆ. ಇವತ್ತಿನ ಕಾನೂನೂ ಇದನ್ನೇ ಹೇಳುತ್ತೆ: 1872ರ ಭಾರತೀಯ ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆನೂ ಅಷ್ಟೇ. ಅಂದ್ರೆ ಬ್ಯಾಂಕಿನವರು ಮೊದಲು ಸಾಲಗಾರನ ಆಸ್ತಿ ಮುಟ್ಟಿ ಆಮೇಲೇ ನಿಮ್ಮ ಹತ್ರ ಬರಬೇಕು ಅಂತ ಏನಿಲ್ಲ. ಜೊತೆಗೆ ಆ ಸಾಲ ನಿಮ್ಮ ಸಾಲದ ಇತಿಹಾಸ ಹೇಳೋ ಸಿಬಿಲ್ ವರದಿಯಲ್ಲೂ ಕಾಣುತ್ತೆ, ನಾಳೆ ಮಗಳ ಓದಿಗೆ ಸಾಲ ಕೇಳೋಕೆ ಹೋದಾಗ ತೊಡಕಾಗಬಹುದು.

ಹಂಗಂತ ಯಾರಿಗೂ ನಿಲ್ಲಲೇಬಾರದಾ? ಸಿರಾಖ 29ನೇ ಅಧ್ಯಾಯ ಇಲ್ಲಿ ಚೆನ್ನಾಗಿ ತೂಗಿ ಹೇಳಿದೆ. ಒಳ್ಳೆಯವನು ನೆರೆಯವನಿಗೆ ಹೊಣೆ ನಿಲ್ತಾನೆ ಅಂತ 14ನೇ ವಚನ, ಹೊಣೆ ನಿಂತು ಎಷ್ಟೋ ಜನ ಹಾಳಾದ್ರು ಅಂತ 18ನೇದು, ನಿನ್ನ ಶಕ್ತಿ ಇದ್ದಷ್ಟು ಸಹಾಯ ಮಾಡು, ಆದ್ರೆ ನೀನೇ ಬೀಳದ ಹಾಗೆ ನೋಡ್ಕೋ ಅಂತ 20ನೇದು. ನಾನು ಹಿಡಿಯೋದು ಈ ಕೊನೇ ಮಾತನ್ನ.

ಅದಕ್ಕೆ ಹೀಗೆ ಮಾಡಿ. ಕೇಳಿದ ದಿನವೇ ಹ್ಞೂಂ ಅನ್ನಬೇಡಿ. "ಅಣ್ಣಾ, ಮನೇಲಿ ಮಾತಾಡಿ ನಾಡಿದ್ದು ಹೇಳ್ತೀನಿ" ಅನ್ನಿ, ಮತ್ತೆ ನಿಜವಾಗಿ ಮನೇಲಿ ಮಾತಾಡಿ, ಹೆಂಡತಿಗೆ ಗಂಡನಿಗೆ ಗೊತ್ತಿಲ್ಲದೆ ಹಾಕಿದ ಸೈನಿನಷ್ಟು ಮನೆ ಒಡೆಯೋದು ಬೇರೆ ಇಲ್ಲ. ಸಾಲ ಎಷ್ಟು, ಕಂತು ಎಷ್ಟು, ಎಷ್ಟು ವರ್ಷ, ಈಗಾಗಲೇ ಬೇರೆ ಸಾಲ ಇದೆಯಾ, ಎಲ್ಲ ಕೇಳಿ, ಕೇಳೋದಕ್ಕೆ ಸಂಕೋಚ ಪಡಬೇಡಿ. ಆಮೇಲೆ ಒಂದೇ ಪ್ರಶ್ನೆ ಹಾಕ್ಕೊಳ್ಳಿ: ಈ ಪೂರ್ತಿ ದುಡ್ಡು ನಾನೇ ಕಟ್ಟಬೇಕಾಗಿ ಬಂದ್ರೆ, ಇವರ ಮೇಲೆ ಸಿಟ್ಟಾಗದೆ ಕಟ್ಟೋಕೆ ನನ್ನ ಕೈಲಿ ಆಗುತ್ತಾ? ಆಗುತ್ತೆ ಅಂದ್ರೆ ಸೈನ್ ಹಾಕಿ, ಕಾಗದದ ಒಂದು ಕಾಪಿ ಇಟ್ಕೊಳ್ಳಿ. ಆಗಲ್ಲ ಅಂದ್ರೆ ಅವರ ಮನೆಗೇ ಹೋಗಿ ಎದುರು ಕೂತು ಹೇಳಿ, ಫೋನ್ ಎತ್ತದೆ ತಪ್ಪಿಸ್ಕೊಂಡು ತಿರುಗಬೇಡಿ. "ಮಾವ, ಜಾಮೀನು ಹಾಕೋ ಶಕ್ತಿ ನಂಗಿಲ್ಲ. ಇದು ನನ್ನ ಕೈಲಾದದ್ದು, ವಾಪಸ್ ಬೇಡ." ಅಂತ ನಿಮ್ಮಿಂದ ಆಗೋ ಸಣ್ಣ ಮೊತ್ತ ಕೊಟ್ಟುಬಿಡಿ. ಈಗಾಗಲೇ ಸೈನ್ ಹಾಕಿ ಆಗಿದ್ರೆ ಜ್ಞಾನೋಕ್ತಿ 6:3 ಹೇಳಿದ ಹಾಗೆ ಇವತ್ತೇ ಹೋಗಿ, ಕಂತು ಕಟ್ತಾ ಇದ್ದಾರಾ ಅಂತ ಪ್ರೀತಿಯಿಂದಲೇ ಕೇಳಿ, ಬ್ಯಾಂಕಿನಲ್ಲೂ ವಿಚಾರಿಸಿ. ಮುಚ್ಚಿಟ್ಟಷ್ಟೂ ಬಡ್ಡಿ ಬೆಳೆಯುತ್ತೆ.

ಬಾಯಿ, ಕಿವಿ, ವಾಯ್ಸ್ ಮೆಸೇಜ್

ಕೇಳೋದ್ರಲ್ಲಿ ಚುರುಕು, ಮಾತಾಡೋದ್ರಲ್ಲಿ ನಿಧಾನ, ಸಿಟ್ಟಲ್ಲಿ ಇನ್ನೂ ನಿಧಾನ, ಇದು ಯಾಕೋಬ 1:19. ಫೋನ್ ಬಂದ ಮೇಲೆ ನಾವು ಇದನ್ನ ಪೂರ್ತಿ ತಿರುಗುಮುರುಗು ಮಾಡಿದೀವಿ.

ಯಾರಾದ್ರೂ ಬಂದು ಇನ್ನೊಬ್ಬರ ಬಗ್ಗೆ ದೂರು ಹೇಳಿದ್ರೆ ಜ್ಞಾನೋಕ್ತಿ 18:17 ನೆನಪು ಮಾಡ್ಕೊಳ್ಳಿ, ಮೊದಲು ಹೇಳಿದವನ ಮಾತೇ ನ್ಯಾಯ ಅನ್ಸುತ್ತೆ, ಎದುರಿನವನು ಬಂದು ವಿಚಾರಿಸೋವರೆಗೆ. ಅಲ್ಲಿ ಕೇಳಬೇಕಾದ್ದು "ಹೌದಾ, ಆಮೇಲೆ ಎಂತ ಆಯ್ತು?" ಅಂತಲ್ಲ, "ಅವರ ಹತ್ರನೇ ಮಾತಾಡಿದ್ರಾ?" ಅಂತ. ಮತ್ತಾಯ 18:15ರಲ್ಲಿ ಯೇಸುಸ್ವಾಮಿ ಹೇಳಿದ್ದೂ ಇದೇ, ತಪ್ಪು ಮಾಡಿದ ಸಹೋದರನ ಹತ್ರ ನೀನೊಬ್ಬನೇ ಹೋಗಿ ಮಾತಾಡು. ಚರ್ಚಿನ ಹಬ್ಬದ ಕಮಿಟಿಯಲ್ಲಿ ಊಟದ ಲೆಕ್ಕಕ್ಕೆ ಶುರುವಾದ ಮಾತು ಮೂರು ಮನೆತನಗಳ ನಡುವೆ ಹೋಗಿಬರೋದನ್ನೇ ನಿಲ್ಲಿಸಿರುತ್ತೆ, ಆ ಲೆಕ್ಕದ ಬಗ್ಗೆ ಲೆಕ್ಕ ಇಟ್ಟವರನ್ನ ಯಾರೂ ಕೇಳಿಯೇ ಇರಲ್ಲ. ಕಟ್ಟಿಗೆ ಇಲ್ಲದಿದ್ರೆ ಬೆಂಕಿ ಆರುತ್ತೆ, ಚಾಡಿ ಇಲ್ಲದಿದ್ರೆ ಜಗಳ ನಿಲ್ಲುತ್ತೆ ಅಂತ ಜ್ಞಾನೋಕ್ತಿ 26:20.

ಸಿಟ್ಟಲ್ಲಿ ವಾಯ್ಸ್ ಮೆಸೇಜ್ ಮಾಡಬೇಡಿ. ಮಾಡಿದ್ರೂ ಕಳಿಸೋ ಮುಂಚೆ ನೀವೇ ಒಂದ್ಸಲ ಕೇಳಿ, ನಿಮ್ಮ ದನಿ ನಿಮಗೇ ಹೆಂಗೆ ಕೇಳುತ್ತೆ ನೋಡಿ. ರಾತ್ರಿ ಬಂದ ಕೆಟ್ಟ ಮೆಸೇಜಿಗೆ ರಾತ್ರಿನೇ ಉತ್ತರ ಬೇಡ.

ಧರೆ, ಅಗಳು, ಬೇಲಿ

ಪೂರ್ವಿಕರು ಹಾಕಿದ ಮೇರೆ ಕಲ್ಲನ್ನ ಸರಿಸಬೇಡ, ಜ್ಞಾನೋಕ್ತಿ 22:28. 23:10ರಲ್ಲಿ ಅನಾಥರ ಹೊಲದೊಳಗೆ ಹೋಗಬೇಡ ಅಂತ ಸೇರಿಸಿದೆ, ಅದನ್ನ ವಿಶೇಷವಾಗಿ ನೋಡಿ, ಗಂಡ ತೀರ್ಕೊಂಡ ಹೆಂಗಸರ ಜಾಗದ ಕಡೆಗೇ ಬೇಲಿ ಜಾಸ್ತಿ ಸರಿಯೋದು. ಮಳೆಗಾಲದಲ್ಲಿ ಧರೆ (ಮಣ್ಣಿನ ದಿಬ್ಬ) ಕುಸಿದು ಅಗಳು (ಗಡಿಯ ಕಂದಕ) ಮುಚ್ಚಿಹೋದ್ರೆ ಹೊಸದಾಗಿ ತೋಡುವಾಗ ಪಕ್ಕದವರನ್ನ ಕರೆದು ನಿಲ್ಲಿಸ್ಕೊಂಡೇ ತೋಡಿ. ಅನುಮಾನ ಇದ್ರೆ ಹದ್ದುಬಸ್ತಿಗೆ, ಅಂದ್ರೆ ಗಡಿ ಅಳತೆಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆದದ್ದನ್ನ ನಿಮ್ಮ ಕಡೆ ಒಂದಡಿ ಕಡಿಮೆ ಬಂದ್ರೂ ಒಪ್ಪಿಕೊಳ್ಳಿ.

ವಚನ ಎಲ್ಲಿ ಹೇಳಬಾರದು

ಇದನ್ನ ಹೇಳದೆ ಬಿಟ್ರೆ ಮೇಲೆ ಹೇಳಿದ್ದೆಲ್ಲ ಅಪಾಯ ಆಗುತ್ತೆ. ಜ್ಞಾನೋಕ್ತಿ 26:4 ಮೂಢನಿಗೆ ಅವನ ಮೂಢತನಕ್ಕೆ ತಕ್ಕ ಹಾಗೆ ಉತ್ತರ ಕೊಡಬೇಡ ಅನ್ನುತ್ತೆ, ಮುಂದಿನದೇ 26:5 ಕೊಡು ಅನ್ನುತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟಿರೋದು ನಾವು ಹೊತ್ತು ನೋಡಿ ಮನುಷ್ಯರನ್ನ ನೋಡಿ ತೀರ್ಮಾನ ಮಾಡಲಿ ಅಂತ. ಜ್ಞಾನೋಕ್ತಿಗಳು ಲೋಕ ಸಾಮಾನ್ಯವಾಗಿ ನಡೆಯೋ ರೀತಿ ಹೇಳ್ತವೆ, ಪ್ರತಿ ಮನೆಗೂ ಹೀಗೇ ಆಗುತ್ತೆ ಅನ್ನೋ ಗ್ಯಾರಂಟಿ ಪತ್ರ ಅಲ್ಲ.

ಜೋಲುಗೈ ಬಡತನ ತರುತ್ತೆ ಅಂತ 10:4 ಇದೆ, ಸರಿ. ಆದ್ರೆ ಮಳೆಗಾಲಕ್ಕೆ ಮುಂಚೆನೇ ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಿ, ನಡುವೆ ಬಿಸಿಲು ನೋಡಿ ಎರಡನೇ ಸಲಾನೂ ಹೊಡೆಸಿ, ಆದ್ರೂ ಬಿಡದೆ ಸುರಿದ ಮಳೆಗೆ ಕೊಳೆ ಬಂದು ಕಾಯೆಲ್ಲ ಉದುರಿ ಬುಡದಲ್ಲಿ ಬಿದ್ದಿರೋ ಮನುಷ್ಯರ ಎದುರು ಈ ವಚನ ತೆಗೆದ್ರೆ ಅದು ಪಾಪ. ಮಗುವಿಗೆ ನಡೀಬೇಕಾದ ದಾರಿ ಕಲಿಸು, ಮುಪ್ಪಲ್ಲೂ ಬಿಡಲ್ಲ ಅಂತ 22:6 ಇದೆ, ಕುಡಿತಕ್ಕೆ ಬಿದ್ದ ಮಗನ ತಾಯಿಗೆ ಅದನ್ನ ಹೇಳಿ ಬರೋರೂ ಇದ್ದಾರೆ, ಆ ತಾಯಿ ಎಷ್ಟು ರಾತ್ರಿ ಅವನಿಗಾಗಿ ಜಪಸರ ಹಿಡಿದು ಕೂತಿದ್ಲು ಅಂತ ಕೇಳಿರಲ್ಲ. ಬೈಬಲಿನ ಯೋಬ ಮಕ್ಕಳು, ಆಸ್ತಿ ಎಲ್ಲ ಕಳ್ಕೊಂಡಾಗ ಅವನ ಗೆಳೆಯರು ಏಳು ದಿನ ಏಳು ರಾತ್ರಿ ಸುಮ್ಮನೆ ಅವನ ಪಕ್ಕ ನೆಲದ ಮೇಲೆ ಕೂತಿದ್ರು, ಅಲ್ಲಿವರೆಗೆ ಸರಿ ಇತ್ತು. ಬಾಯಿ ತೆಗೆದು ಅವನ ತಪ್ಪು ಹುಡುಕೋಕೆ ಹೊರಟ ಮೇಲೆ ಕೆಟ್ಟಿತು, ಕೊನೆಗೆ ಯೋಬ 42:7ರಲ್ಲಿ ದೇವರೇ ಅವರ ಮೇಲೆ ಸಿಟ್ಟಾದ.

ಹಾಗಾಗಿ ಸಾವಿನ ಮನೆಗೆ, ಬೆಳೆ ಹೋದ ಮನೆಗೆ, ಆಸ್ಪತ್ರೆಗೆ ಹೋದಾಗ ಅಳೋರ ಜೊತೆ ಅಳಿ ಅನ್ನೋ ರೋಮಾ 12:15 ಒಂದು ಸಾಕು. ಒಂದು ಪಾತ್ರೆ ಗಂಜಿ, ಉಪ್ಪಿನಕಾಯಿ ತಗೊಂಡು ಹೋಗಿ. ಅಡುಗೆಮನೆಗೆ ಹೋಗಿ ರಾಶಿ ಬಿದ್ದಿರೋ ಲೋಟ ತೊಳೀರಿ, ದನಕ್ಕೆ ಹುಲ್ಲು ಹಾಕಿ. ಅವರು ಕೇಳಿದ್ರೆ ಮಾತ್ರ ಪ್ರಾರ್ಥನೆ ಮಾಡಿ, ಅದೂ ಚಿಕ್ಕದಾಗಿ.

ರಾತ್ರಿ ಮತ್ತೆ ಭಾನುವಾರ

ಮಲಗೋ ಮುಂಚೆ ಕ್ಯಾಲೆಂಡರ್ ಚೌಕ ನೋಡಿ. ಮಾಡಿದ್ರೆ ಒಂದು ಗೀಟು ಹಾಕಿ, ಮಾಡಿಲ್ಲ ಅಂದ್ರೆ ನಾಳೆಗೆ ಅದೇ ಹೆಸರು ಮತ್ತೆ ಬರೀರಿ. ಒಂದೇ ಹೆಸರು ವಾರಗಟ್ಟಲೆ ಮುಂದಕ್ಕೆ ಹೋಗ್ತಾ ಇದ್ರೆ ಅಲ್ಲಿ ಎಂತದೋ ಗಂಟು ಇದೆ ಅಂತ ಅರ್ಥ, ಅದನ್ನ ಒಬ್ಬರೇ ಬಿಚ್ಚೋಕೆ ಹೋಗಬೇಡಿ. ಕೆಥೋಲಿಕರು ಪಾಪನಿವೇದನೆಗೆ ಹೋದಾಗ ಫಾದರ್ ಹತ್ರ ಹೇಳಿ, ಉಳಿದವರು ಪಾಸ್ಟರ್ ಹತ್ರನೋ, ಗುಟ್ಟು ಬಿಟ್ಟುಕೊಡದ ಹಿರಿಯರ ಹತ್ರನೋ ಹೇಳಿ.

ಗಾಳಿ ನೋಡ್ತಾ ಇರೋನು ಬಿತ್ತಲ್ಲ, ಮೋಡ ನೋಡ್ತಾ ಇರೋನು ಕೊಯ್ಯಲ್ಲ ಅಂತ ಪ್ರಸಂಗಿ 11:4. "ದೇವರ ಚಿತ್ತ ತಿಳೀಲಿ ಆಮೇಲೆ ನೋಡೋಣ" ಅಂತ ಬಾಕಿ ಕೂಲಿಯನ್ನೂ, ಕೇಳಬೇಕಾದ ಕ್ಷಮೆಯನ್ನೂ ಮುಂದೆ ಹಾಕೋರಿಗೆ ನಾನು ಇದನ್ನೇ ತೋರಿಸ್ತೀನಿ, ಆ ವಿಷಯದಲ್ಲಿ ದೇವರ ಚಿತ್ತ ಬರೆದು ಕೊಟ್ಟಾಗಿದೆ.

ಮನೇಲಿ ಓದೋಕೆ ಬರದ, ಕಣ್ಣು ಕಾಣದ ಹಿರಿಯರಿದ್ರೆ ಅವತ್ತಿನ ಅಧ್ಯಾಯ ಮಕ್ಕಳ ಕೈಲಿ ಜೋರಾಗಿ ಓದಿಸಿ, ಮಕ್ಕಳು ಇಲ್ಲದ ಮನೆಗೆ ಫೋನಲ್ಲಿ ಕನ್ನಡದ ಆಡಿಯೋ ಬೈಬಲ್ ಸಿಗುತ್ತೆ. ಓದಿ ಆದ ಮೇಲೆ ಅಜ್ಜಿಯನ್ನೇ ಕೇಳಿ, ಇದರಲ್ಲಿ ನಿಮಗೆ ಯಾವುದು ನಿಜ ಅನ್ನಿಸ್ತು ಅಂತ, ಅವರ ಹತ್ರ ಆ ವಚನಕ್ಕೆ ಸರಿಯಾಗಿ ಊರಲ್ಲಿ ನಡೆದ ಒಂದು ಕಥೆ ಇರುತ್ತೆ. ನಡುವೆ ನಾಲ್ಕು ದಿನ ತಪ್ಪಿ ಹೋದ್ರೆ ಹಳೇದನ್ನ ಓದಿ ಮುಗಿಸೋಕೆ ಹೋಗಬೇಡಿ, ಅವತ್ತಿನ ತಾರೀಖಿನ ಅಧ್ಯಾಯ ತೆಗೀರಿ, 30ಕ್ಕೆ ಮುಗಿಯೋ ತಿಂಗಳಲ್ಲಿ ಕೊನೇ ದಿನ 31ನೇದನ್ನೂ ಸೇರಿಸಿ ಓದ್ಕೊಳ್ಳಿ.